ದೊರೆಯ ಕಾಲಿಗೊಂದು ನೆಲ

ನಮ್ಮ ಅಡುಗೆಮನೆಯ ನೆಲ ಕನ್ನಡಿಯ ಹಾಗೆ ಹೊಳೆಯಬೇಕು ಎಂದು ಹಟ ಹಿಡಿದವಳು ನಾನೇ. ಮೂರು ವರ್ಷದ ಹಿಂದಿನ ಮಾತು. ಅಂಗಡಿಯವನು ಬಿಳಿ ಟೈಲ್ಸೊಂದನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅದರಲ್ಲಿ ನನ್ನ ಮುಖ ಕಂಡಿತು, ಮರುಳಾಗಿಬಿಟ್ಟೆ. ನಾನು ಹೊಲಿಗೆ ಅಂಗಡಿ ನಡೆಸುವವಳು. ಹೊಳೆಯುವ ಬಟ್ಟೆ ಕಂಡರೆ, ಎರಡು ಸಲ ಒಗೆದ ಮೇಲೆ ಇದರ ಗತಿಯೇನು ಎಂದು ಮೊದಲು ಕೇಳುತ್ತೇನೆ. ಆ ಬುದ್ಧಿ ನೆಲದ ವಿಷಯದಲ್ಲಿ ಕೈಕೊಟ್ಟಿತು. ಹಾಕಿಸಿದ ದಿನ ಅಕ್ಕಪಕ್ಕದವರೆಲ್ಲ ಬಂದು ನೋಡಿ ಭೇಷ್ ಅಂದರು. ಭೇಷ್ ಅನ್ನದವನು ದೊರೆ ಒಬ್ಬನೇ.

ದೊರೆ ನಮ್ಮ ನಾಯಿ. ಕಂದು ಬಣ್ಣ, ದೊಡ್ಡ ತಲೆ, ಹನ್ನೊಂದು ವರ್ಷ ವಯಸ್ಸು. ಮರಿಯಾಗಿದ್ದಾಗಲೇ ಯಾರಾದರೂ ಕರೆದರೆ ಒಂದು ಸಲ ಯೋಚನೆ ಮಾಡಿ ಆಮೇಲೆ ಬರುತ್ತಿದ್ದ, ಅದಕ್ಕೆ ಆ ಹೆಸರು. ಹೊಸ ನೆಲಕ್ಕೆ ಮೊದಲ ಸಲ ಕಾಲಿಟ್ಟಾಗ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ನಾವೆಲ್ಲ ನಕ್ಕೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವನು ಅಂದಿನಿಂದ ಗೋಡೆ ಬದಿಯಲ್ಲೇ, ಒಂದೊಂದೇ ಹೆಜ್ಜೆ ಎಣಿಸಿ ನಡೆಯುವುದನ್ನು ಕಲಿತ. ಅಡುಗೆಮನೆ ಬಿಟ್ಟು ಇರುವುದಂತೂ ಅವನಿಂದ ಸಾಧ್ಯವಿರಲಿಲ್ಲ, ಯಾಕೆಂದರೆ ಅಲ್ಲಿ ನಮ್ಮತ್ತೆ ಇರುತ್ತಾರೆ. ಅತ್ತೆ ಒಲೆಯ ಮುಂದೆ, ದೊರೆ ಅತ್ತೆಯ ಹಿಂದೆ. ನಾನು ಮದುವೆಯಾಗಿ ಬಂದದ್ದು ಅವನಿಗಿಂತ ಮೊದಲು, ಆದರೂ ಆ ಮನೆಯಲ್ಲಿ ಅವನ ಜಾಗ ನನ್ನದಕ್ಕಿಂತ ಗಟ್ಟಿ.

ಈ ವರ್ಷದ ಮೊದಲ ತಿಂಗಳಲ್ಲಿ ಒಂದು ಬೆಳಿಗ್ಗೆ ಬಾಗಿಲಿಗೆ ಪೇಪರಿನವನು ಬಂದ. ಅಡುಗೆಮನೆಯಲ್ಲಿ ಮಲಗಿದ್ದ ದೊರೆ ಬೊಗಳಲು ಎದ್ದವನು ತಿರುಗುವಾಗ ಜಾರಿದ. ಹಿಂಗಾಲು ಎರಡೂ ಕತ್ತರಿಯ ಹಾಗೆ ಅಗಲವಾಗಿ ಹರಡಿಕೊಂಡವು. ಅವನು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ನಾನೂ ನಮ್ಮ ಯಜಮಾನರೂ ಸೇರಿ ಬೆಡ್‌ಶೀಟಿನಲ್ಲಿ ಹಾಕಿಕೊಂಡು ಪ್ರಾಣಿ ಆಸ್ಪತ್ರೆಗೆ ಹೊತ್ತೊಯ್ದೆವು.

ಡಾಕ್ಟರಮ್ಮ ಸೊಂಟ ಒತ್ತಿ ನೋಡಿದರು, ಎಕ್ಸ್‌ರೇ ಫೋಟೋ ತೆಗೆಸಿದರು. "ಕೀಲು ಸವೆದಿದೆ. ಈ ಸಲ ಉಳುಕಿದ್ದಷ್ಟೇ, ಪುಣ್ಯ. ಇನ್ನೊಂದು ಸಲ ಹೀಗೆ ಬಿದ್ರೆ ಅವನು ಎದ್ದು ನಿಲ್ಲೋದು ಕಷ್ಟ. ಮನೇಲಿ ಎಂಥ ನೆಲ?"

ನಾನು ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

"ಮಾತ್ರೆ ನಾನು ಕೊಡ್ತೀನಿ, ಉಗುರು ಕತ್ತರಿಸಿ ಕೊಡ್ತೀನಿ. ನೆಲ ಮಾತ್ರ ನೀವೇ ಬದಲಾಯಿಸಬೇಕು," ಎಂದರು.

ಅಲ್ಲಿಯವರೆಗೆ ಇರಲಿ ಎಂದು ಅಂಗಡಿಯಿಂದ ಹಳೆಯ ಬಟ್ಟೆ ತಂದು ಚಾಪೆಗಳನ್ನು ಹೊಲಿದು ಹಾಸಿದೆ. ಅವು ನೆಲದ ಮೇಲೆ ದೋಣಿಯ ಹಾಗೆ ತೇಲಾಡಿದವು. ದೊರೆ ಹೇಗೋ ಸಂಭಾಳಿಸಿದ. ಅತ್ತೆ ಮಾತ್ರ ಒಂದೇ ದಿನದಲ್ಲಿ ಮೂರು ಸಲ ಚಾಪೆಯ ಅಂಚಿಗೆ ಎಡವಿದರು. ಚಾಪೆ ಮಡಚಿಟ್ಟೆ. ಅಡುಗೆಮನೆಯ ಬಾಗಿಲಿಗೆ ಅಡ್ಡ ಹಲಗೆ ಹಾಕಿ ನೋಡಿದೆ. ದೊರೆ ಹಲಗೆಯ ಮೇಲೆ ಗದ್ದ ಊರಿ ಯಾರೋ ಸತ್ತುಹೋದ ಹಾಗೆ ಗೋಳಾಡಿದ, ಅತ್ತೆ ಅವನಿಗೆ ಜೊತೆಯಾಗಿ ನಿಟ್ಟುಸಿರು ಬಿಟ್ಟರು. ಹಲಗೆಯನ್ನೂ ತೆಗೆದೆ.

ನೆಲ ಹಾಕುವ ಮೇಸ್ತ್ರಿಯನ್ನು ಕರೆಸಿದೆವು. ಅವರಿಗೆ ನಮ್ಮ ಬೀದಿಯಲ್ಲಿ ಮೆಲ್ಲಗೆ ಮೇಸ್ತ್ರಿ ಎಂದೇ ಹೆಸರು. ಬೇಗ ಮುಗಿಸಿ ಎಂದರೆ "ಮೆಲ್ಲಗೆ" ಅನ್ನುತ್ತಾರೆ, ಟೀ ತಣ್ಣಗಾಯಿತು ಎಂದರೂ "ಮೆಲ್ಲಗೆ" ಅನ್ನುತ್ತಾರೆ. ಅವರಿಗೊಂದು ಪದ್ಧತಿ ಇದೆ. ಅಂಗೈಯಗಲದ ಸ್ಯಾಂಪಲ್ ತೋರಿಸಿ ಒಪ್ಪಿಸುವ ಜಾತಿಯಲ್ಲ. ಒಬ್ಬರು ಮಲಗುವಷ್ಟು ದೊಡ್ಡ ತುಂಡುಗಳನ್ನು ತಂದು, ಇರುವ ನೆಲದ ಮೇಲೇ ಅಂಟಿಸದೆ ಹಾಸಿಬಿಡುತ್ತಾರೆ. ಮೂರು ದಿನ ಅದರ ಮೇಲೆ ಅಡುಗೆ ಮಾಡಿ, ನೀರು ಚೆಲ್ಲಿ, ಎಣ್ಣೆ ಚೆಲ್ಲಿ, ಆಮೇಲೆ ಮಾತಾಡೋಣ ಅನ್ನುತ್ತಾರೆ.

"ನೆಲ ಆರಿಸೋದು ಕಾಲು, ಅಕ್ಕ. ಕಣ್ಣು ಬರೀ ಮೋಸ ಹೋಗುತ್ತೆ," ಎಂದು ನನ್ನ ಬಿಳಿ ಟೈಲ್ಸಿನ ಕಡೆ ನೋಡಿದರು. ನನಗೆ ಮೈ ಉರಿಯಿತು.

ಮೊದಲ ಸುತ್ತಿಗೆ ಅವರು ದಪ್ಪನೆಯ ವಿನೈಲ್ ಹಾಳೆಯ ತುಂಡೊಂದನ್ನು ತೋರಿಸಿದರು. ನಾನು ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದೆ. ಒಳ್ಳೆಯ ಕೋಟಿನ ಬಟ್ಟೆಯ ಗುಣ. ಮೆತ್ತಗಿದೆ, ಆದರೆ ಜೀವ ಇದೆ, ನೀರು ಹೀರುವುದಿಲ್ಲ, ಒಂದು ಸಲ ಒರೆಸಿದರೆ ಸಾಕು. ದೊರೆಯ ಪಂಜವನ್ನು ಹಿಡಿದು ಅದರ ಮೇಲೆ ಎಳೆದರೆ ಜಾರಲೇ ಇಲ್ಲ. ನನ್ನ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿದಿತ್ತು.

"ಇದು ಬೇಡ," ಎಂದರು ಅತ್ತೆ.

"ಯಾಕತ್ತೆ?"

"ಬಣ್ಣ ಚೆನ್ನಾಗಿಲ್ಲ."

ಬೇರೆ ಬಣ್ಣ ಬಂತು. "ವಾಸನೆ," ಎಂದರು. ವಾಸನೆ ಇಲ್ಲದ್ದು ಬಂತು. "ಅದರ ಮೇಲೆ ನಡೆದರೆ ಹಾಸಿಗೆ ಮೇಲೆ ನಡೆದ ಹಾಗೆ," ಎಂದರು. ಮೇಸ್ತ್ರಿ ಬೆಂಡಿನ, ಅಂದರೆ ಕಾರ್ಕಿನ, ಹಲಗೆ ತಂದರು, ಕಾಲಿಗೆ ಬೆಚ್ಚಗೆ, ಬಿದ್ದ ಲೋಟ ಕೂಡ ಒಡೆಯುವುದಿಲ್ಲ. "ಕೊಳೆಯುತ್ತೆ," ಎಂದರು. ರಬ್ಬರಿನದು ತಂದರು. ಅದಕ್ಕೆ ಅತ್ತೆ ಮುಖ ತಿರುಗಿಸಿಕೊಂಡರು. ಮೂರು ವಾರ ಹೀಗೆ ಹೋಯಿತು. ನಮ್ಮ ಯಜಮಾನರು ಬಸ್ ಓಡಿಸುವವರು. ದಿನವಿಡೀ ನೂರು ಜನರ ಮಾತು ಕೇಳಿ ಬರುವುದರಿಂದ ಮನೆಯಲ್ಲಿ ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ. "ಯಾವುದಾದ್ರೂ ಆಗುತ್ತೆ ಬಿಡು," ಎಂದು ತಟ್ಟೆಯ ಕಡೆ ನೋಡುತ್ತಾ ಹೇಳುತ್ತಿದ್ದರು.

ಕೊನೆಗೆ ಅತ್ತೆ, "ಇದ್ದದ್ದೇ ಇರಲಿ. ಈ ನೆಲಕ್ಕೆ ಏನಾಗಿದೆ?" ಎಂದರು.

ಅಲ್ಲಿಗೆ ನನ್ನ ತಾಳ್ಮೆ ಕಿತ್ತುಹೋಯಿತು. "ನೆಲಕ್ಕೆ ಏನೂ ಆಗಿಲ್ಲ, ದೊರೆ ಸೊಂಟಕ್ಕೆ ಆಗಿದೆ. ನಿಮ್ಮ ಹಿಂದೆ ಮುಂದೆ ಸುತ್ತೋ ಪ್ರಾಣಿ ಅದು. ನಿಮಗೆ ಅದರ ಮೇಲೂ ಕನಿಕರ ಇಲ್ವಾ?"

ಆ 'ಅದರ ಮೇಲೂ' ಎಂಬ ಮಾತಿನ ಒಳಗೆ ಹಳೆಯ ಕಸವೆಲ್ಲ ಇತ್ತು. ಅದನ್ನು ಹೇಳಿಬಿಡುತ್ತೇನೆ. ಅತ್ತೆ ಮೊದಲು ನನ್ನ ಅಂಗಡಿಯಲ್ಲೇ ಕೂರುತ್ತಿದ್ದರು. ಕಾಜಾ, ಗುಂಡಿ, ಹೆಮ್ಮಿಂಗ್ ಎಲ್ಲ ಅವರ ಕೈಯದು. ಅಷ್ಟು ಸಣ್ಣ ಹೊಲಿಗೆ ಈ ಊರಿನಲ್ಲಿ ಇನ್ನೊಬ್ಬರ ಕೈಯಲ್ಲಿ ಬರುವುದಿಲ್ಲ. ಈ ಜಗಳಕ್ಕೆ ಎಂಟು ತಿಂಗಳ ಹಿಂದೆ ಒಂದು ದಿನ ಅವರ ಮೊಣಕೈ ತಾಗಿ ಬಿಸಿ ಇಸ್ತ್ರಿಪೆಟ್ಟಿಗೆ ಮೇಜಿನಿಂದ ಉರುಳಿತು. ಗಿರಾಕಿಯೊಬ್ಬರ ಹೊಸ ಕೋಟಿನ ಬೆನ್ನು ಸುಟ್ಟಿತು. ಅಂಗಡಿ ತುಂಬ ಜನ. "ಕಣ್ಣು ಎಲ್ಲಿಟ್ಟಿದ್ದೀರಿ ಅತ್ತೆ?" ಎಂದು ಚೀರಿದೆ. ಅವರು ಮಾರನೆಯ ದಿನ ಬೆಳಿಗ್ಗೆ ನನ್ನ ಮುಂದೆ ಬಂದು ನಿಂತು, ಎಲ್ಲಕ್ಕಿಂತ ಸಣ್ಣ ಸೂಜಿ ಹಿಡಿದು, ಒಂದೇ ಏಟಿಗೆ ದಾರ ಪೋಣಿಸಿ ನನ್ನ ಕೈಯಲ್ಲಿಟ್ಟರು. "ಕಣ್ಣು ಇದ್ದಲ್ಲೇ ಇದೆ. ಇನ್ನು ಮೇಲೆ ನಾನು ಅಂಗಡಿಗೆ ಬರಲ್ಲ," ಎಂದರು. ಆಗಿನಿಂದ ಬರಲಿಲ್ಲ. ಎಪ್ಪತ್ತರ ಹೆಂಗಸು ಅಷ್ಟು ಸಣ್ಣ ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸಿದರೆ ಯಾರು ತಾನೆ ಅವರ ಕಣ್ಣನ್ನು ಅನುಮಾನಿಸುತ್ತಾರೆ? ನಮ್ಮಂಥವರ ಮನೆಯಲ್ಲಿ ಕಣ್ಣಿನ ಪರೀಕ್ಷೆ ಎಂದರೆ ಅದೇ. ಇದು ಹಟ, ಸೊಸೆಯ ಮೇಲಿನ ಸಿಟ್ಟು ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಈಗಲೂ ಅದೇ ಹಟ ಎಂದುಕೊಂಡು, ಅವರನ್ನು ಕೇಳದೆ ಮೇಸ್ತ್ರಿಗೆ ಹೇಳಿದೆ, ಮೊದಲಿನ ವಿನೈಲನ್ನೇ ಅಡುಗೆಮನೆ ತುಂಬ ಹಾಸಿ, ಮೂರು ದಿನ ನೋಡೋಣ ಎಂದು.

ಮೇಸ್ತ್ರಿ ಗೋಡೆಯಿಂದ ಗೋಡೆಗೆ ಹಾಸಿದರು. ದೊರೆ ಬಾಗಿಲಲ್ಲಿ ನಿಂತು ಮೂಸಿದ. ಒಂದು ಕಾಲು ಇಟ್ಟ. ಜಾರಲಿಲ್ಲ. ಇನ್ನೊಂದು ಇಟ್ಟ. ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ಅವನು ಗೋಡೆ ಬಿಟ್ಟು ಅಡುಗೆಮನೆಯ ನಟ್ಟನಡುವೆ ನಡೆದುಬಂದ. ಹತ್ತಿಯ ಮೇಲೆ ನಡೆದ ಹಾಗೆ, ಒಂದಿಷ್ಟೂ ಸದ್ದಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಮೇಸ್ತ್ರಿಗೆ ಇನ್ನೊಂದು ಟೀ ಕೊಟ್ಟೆ.

ಅತ್ತೆ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದರು. ದೊರೆ ಹೋಗಿ ತನ್ನ ಜಾಗದಲ್ಲಿ, ಅವರ ಹಿಂದೆ, ಆರಾಮಾಗಿ ಮಲಗಿದ. ಅತ್ತೆ ಪಾತ್ರೆ ಇಳಿಸಿ ಹಿಡಿದುಕೊಂಡು ತಿರುಗಿದರು. ಕಾಲು ಅವನ ಬಾಲದ ಮೇಲೆ ಬಿತ್ತು. ಅವನು ಅರಚಿ ಎದ್ದ, ಅತ್ತೆ ಕಪಾಟಿನ ಅಂಚು ಹಿಡಿದುಕೊಂಡರು, ಪಾತ್ರೆ ಹಾರಿತು. ಕುದಿಯುವ ಹಾಲು ನೆಲದ ತುಂಬ ಹರಿಯಿತು. ಯಾರಿಗೂ ಸುಡಲಿಲ್ಲ, ಒಂದು ಗೇಣಿನಲ್ಲಿ ತಪ್ಪಿತು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಅಷ್ಟು ದೊಡ್ಡ ನಾಯಿ ಕಾಣಲ್ವಾ? ಇನ್ನು ಮೇಲೆ ಒಲೆ ಹತ್ತಿರ ಬರಬೇಡಿ ಅತ್ತೆ, ನಾನೇ ಎಲ್ಲ ಮಾಡ್ಕೋತೀನಿ!"

ಅತ್ತೆಯ ಮುಖ ಬಿಳಿಚಿಕೊಂಡಿತು. ಗೋಡೆ ಸವರುತ್ತಾ ತಮ್ಮ ಕೋಣೆಗೆ ಹೋದರು. ದೊರೆ ಕುಂಟುತ್ತಾ ಅವರ ಹಿಂದೆ ಹೋದ.

ಮೇಸ್ತ್ರಿ ಟೀ ಲೋಟ ಕೆಳಗಿಟ್ಟರು. "ಮೆಲ್ಲಗೆ, ಅಕ್ಕ," ಎಂದರು. ಈ ಸಲ ಆ ಮಾತು ನನಗೆ ಚುಚ್ಚಿತು. "ಒಂದು ಮಾತು ಹೇಳ್ಲಾ? ನಾನು ಆಗಿನಿಂದ ಅಮ್ಮನ ಎಡಗಡೆ ಒಂದು ಮಾರು ದೂರದಲ್ಲಿ ಕೂತಿದ್ದೆ. ಬಾಯಿ ಬಿಟ್ಟು ಹೇಳದೆ, ಖಾಲಿ ಲೋಟ ಹಿಡಿದು ಎರಡು ಸಲ ಕೈ ಚಾಚಿದೆ. ಅವರು ತಿರುಗಿ ಕೂಡ ನೋಡಲಿಲ್ಲ. ಬೇಕಂತ ಮಾಡಿದ ಹಾಗೆ ಇರಲಿಲ್ಲ," ಎಂದರು.

ಹಾಲು ಒರೆಸಿದೆ. ಒರೆಸುತ್ತಾ ಒರೆಸುತ್ತಾ ಅವರ ಮಾತು ತಲೆಯಲ್ಲಿ ಸುತ್ತಿತು. ಇಸ್ತ್ರಿಪೆಟ್ಟಿಗೆ ಇದ್ದದ್ದೂ ಅತ್ತೆಯ ಎಡಕ್ಕೆ. ಚಾಪೆಯ ಅಂಚು ಇದ್ದದ್ದು ಕಾಲ ಬಳಿ. ಬಟ್ಟೆ ಅಲ್ಲೇ ಬಿಟ್ಟು ಕೋಣೆಗೆ ಹೋದೆ.

ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು. ಕೈಯಲ್ಲಿ ಸೂಜಿ. ದಾರ ಪೋಣಿಸುವುದು, ಎಳೆಯುವುದು. ಮತ್ತೆ ಪೋಣಿಸುವುದು, ಎಳೆಯುವುದು. ಒಂದು ಸಲವೂ ತಪ್ಪಲಿಲ್ಲ. ನಾನು ಪಕ್ಕದಲ್ಲೇ ಹೋಗಿ ಕೂತರೂ ತಲೆ ಎತ್ತಲಿಲ್ಲ. "ಅತ್ತೆ," ಎಂದಾಗ ಬೆಚ್ಚಿಬಿದ್ದರು.

"ನೋಡು," ಎಂದು ಸೂಜಿಯನ್ನು ನನ್ನ ಮುಂದೆ ಹಿಡಿದರು. "ಕಣ್ಣು ಚೆನ್ನಾಗಿದೆ. ದಿನಾ ಬೆಳಿಗ್ಗೆ ನೋಡ್ಕೋತೀನಿ. ಅಂದಮೇಲೆ ಕೆಟ್ಟಿರೋದು ತಲೆ. ಅಲ್ವಾ?"

"ಏನು ಹೇಳ್ತಿದ್ದೀರಿ?"

"ಇದ್ದ ವಸ್ತು ಇಲ್ಲದ ಹಾಗಾಗುತ್ತೆ. ಇಲ್ಲದ ಕಡೆಯಿಂದ ಜನ ಎದ್ದು ಬರ್ತಾರೆ. ಈಗ ನೀನು ಬಂದೆಯಲ್ಲ, ಹಾಗೆ. ರಸ್ತೆ ದಾಟೋವಾಗ ಗಾಡಿ ಆಕಾಶದಿಂದ ಉದುರಿದ ಹಾಗೆ ಬರುತ್ತೆ. ಅದಕ್ಕೇ ಅಂಗಡಿಗೆ ಬರೋದು ಬಿಟ್ಟೆ. ಹೇಳಿದ್ರೆ ಏನಂತೀರಿ? ಅರಳು ಮರಳು ಅಂತೀರಿ. ಮೂಲೇಲಿ ಕೂರಿಸ್ತೀರಿ. ಒಲೆ ಹತ್ತಿರ ಬರಬೇಡ ಅಂತೀರಿ." ಸೂಜಿಯ ದಾರ ಎಳೆದು ತೆಗೆದು, "ಅಂದೂ ಆಯ್ತು," ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮತ್ತೆ ನೆಲ? ನೆಲ ಯಾಕೆ ಬೇಡ ಅಂದಿರಿ?"

"ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಾಗೋದು ಅವನ ಉಗುರಿನ ಸದ್ದಿನಿಂದ ಮಗಳೇ. ಟಕ್ ಟಕ್ ಅಂತ ಬರ್ತಾನೆ, ಎಡಕ್ಕೆ ಹೋದ, ಬಲಕ್ಕೆ ಬಂದ, ಮಲಗಿದ, ಎಲ್ಲ ಕೇಳುತ್ತೆ. ನೀವು ತಂದ ನೆಲ ಎಲ್ಲಾ ಮೂಕ. ಅವನು ಜಾರಬಾರದು ಅಂತ ನನಗೂ ಆಸೆ ಇಲ್ವಾ? ಆದರೆ ಸದ್ದಿಲ್ಲದ ಕಡೆ ನಾನು ಅವನ ಮೇಲೇ ಬೀಳ್ತೀನಿ. ಬಿಸಿ ಪಾತ್ರೆ ಹಿಡ್ಕೊಂಡು ಬೀಳ್ತೀನಿ. ಇವತ್ತು ಆದದ್ದು ನೋಡಿದೆಯಲ್ಲ."

ಮಗಳೇ ಎಂದು ಅವರು ನನ್ನನ್ನು ಕರೆದು ಎಷ್ಟು ತಿಂಗಳಾಗಿತ್ತೋ. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ನನ್ನೊಳಗಿನ ಹೊಲಿಗೆಯವಳು ಎದ್ದಳು. ಕೊರಳಲ್ಲಿ ಹೇಗೂ ಅಳತೆ ಟೇಪು ಇತ್ತು. ಅವರ ಎದುರಿಗೆ ಕುರ್ಚಿ ಎಳೆದು ಕೂತೆ. "ನನ್ನ ಮೂಗನ್ನೇ ನೋಡ್ತಿರಿ. ಕಣ್ಣು ಆ ಕಡೆ ಈ ಕಡೆ ಹೋಗಬಾರದು," ಎಂದು, ಗುರುತು ಹಾಕುವ ಕೆಂಪು ಸೀಮೆಸುಣ್ಣವನ್ನು ಅವರ ಕಿವಿಯ ಪಕ್ಕದಿಂದ ಮೆಲ್ಲಗೆ ಮುಂದೆ ತಂದೆ. "ಕಂಡಾಗ ಹೇಳಿ."

ತಂದೆ. ಇನ್ನೂ ತಂದೆ. ಅವರು ಸುಮ್ಮನೆ ನನ್ನ ಮೂಗನ್ನು ನೋಡುತ್ತಿದ್ದರು. ಸೀಮೆಸುಣ್ಣ ನನ್ನ ಕೆನ್ನೆಯ ಹತ್ತಿರ ಬಂದಾಗ, "ಹಾಂ, ಈಗ ಬಂತು," ಎಂದರು. ಇನ್ನೊಂದು ಕಡೆಯಿಂದ ತಂದೆ, ಅಲ್ಲೂ ಅಷ್ಟೇ. ಎರಡು ಗುರುತಿನ ನಡುವೆ ಟೇಪು ಹಿಡಿದು ನೋಡಿದೆ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಆ ಗೇಣಿನೊಳಗೆ ಸೂಜಿಯ ಕಣ್ಣೂ ಚೆನ್ನಾಗಿ ಕಾಣುತ್ತಿತ್ತು, ದಾರದ ತುದಿಯೂ ಕಾಣುತ್ತಿತ್ತು. ಅದರ ಆಚೆ ಏನೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಊರಿನವರ ಅಳತೆ ತೆಗೆಯುತ್ತಿದ್ದೇನೆ, ಮನೆಯೊಳಗಿನ ಈ ಅಳತೆ ತೆಗೆಯುವುದು ನನಗೆ ಹೊಳೆದಿರಲಿಲ್ಲ.

"ತಲೆ ಅಲ್ಲ ಅತ್ತೆ, ಕಣ್ಣೇ. ಪಕ್ಕದ ನೋಟ ಹೋಗಿದೆ. ನಾಳೆನೇ ಕಣ್ಣಿನ ಆಸ್ಪತ್ರೆಗೆ ಹೋಗೋಣ," ಎಂದೆ. ಆಮೇಲೆ, ಬಾಯಿಗೆ ಬಂದದ್ದನ್ನು ಹಾಗೇ ಹೇಳಿದೆ: "ನನ್ನದು ತಪ್ಪಾಯ್ತು. ಅವತ್ತು ಅಂಗಡೀಲಿ ಅಂದದ್ದೂ ತಪ್ಪು, ಇವತ್ತು ಅಂದದ್ದೂ ತಪ್ಪು."

ಅತ್ತೆ ಸೂಜಿಯನ್ನು ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. "ಕೋಟು ಸುಟ್ಟದ್ದು ನಿಜ ತಾನೆ," ಎಂದರು.

ಆಸ್ಪತ್ರೆಯಲ್ಲಿ ಅವರನ್ನು ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿಸಿದರು. ಕಣ್ಣಿನ ಡಾಕ್ಟರು ಕಾಗದದ ಮೇಲೆ ಮೂಡಿದ ಚಿತ್ರ ತೋರಿಸಿದರು. ಸುತ್ತ ಕಪ್ಪು, ನಡುವೆ ಒಂದಿಷ್ಟು ಬಿಳಿ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಅಂಚಿನಿಂದ ನೋಟವನ್ನು ತಿಂದಿದೆ, ನೋವಿಲ್ಲದ್ದರಿಂದ ಗೊತ್ತಾಗುವುದಿಲ್ಲ ಎಂದರು. "ಹೋಗಿರೋದು ವಾಪಸ್ ಬರಲ್ಲ, ಅದರಲ್ಲಿ ನಾನು ಸುಳ್ಳು ಹೇಳಲ್ಲ. ಆದರೆ ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ ತಪ್ಪದೆ ಹಾಕಿ, ಹೇಳಿದಾಗ ಬಂದು ತೋರಿಸ್ತಾ ಇದ್ರೆ, ಇರೋದನ್ನ ಉಳಿಸ್ಕೋಬಹುದು."

"ತಲೆ?" ಎಂದು ಕೇಳಿದರು ಅತ್ತೆ.

"ತಲೆಗೇನಾಗಿದೆ? ನನಗಿಂತ ಚುರುಕಾಗಿದ್ದೀರಿ," ಎಂದರು ಡಾಕ್ಟರು.

ಅತ್ತೆ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ಈ ವಿಷಯ ಹೇಳಿಕೊಂಡು ಬಂದರು. ಎಂಟು ತಿಂಗಳು ಎದೆಯ ಮೇಲೆ ಕಲ್ಲು ಹೊತ್ತವರಿಗೆ ಅದು ಹಗುರ ಸುದ್ದಿಯಾಗಿತ್ತು. ಬಸ್ಸು ಓಡಿಸುತ್ತಿದ್ದವರು ಅವರ ಮಗನೇ. ನಿಲ್ದಾಣದಲ್ಲಿ ಇಳಿಸುವಾಗ ಅವರು ತಾಯಿಯ ಕೈ ಹಿಡಿದದ್ದನ್ನು ನಾನು ಬಹಳ ವರ್ಷಗಳ ಮೇಲೆ ನೋಡಿದೆ.

ಈಗ ಮತ್ತೆ ನೆಲದ ಮಾತು. ದೊರೆ ಜಾರಬಾರದು, ಅತ್ತೆಗೆ ಕೇಳಬೇಕು. ಎರಡೂ ಬೇಕೇಬೇಕು, ಇಲ್ಲವಾದರೆ ಇಬ್ಬರಲ್ಲಿ ಒಬ್ಬರು ಅಡುಗೆಮನೆ ಬಿಡಬೇಕು. ನಮ್ಮ ಯಜಮಾನರು ಜೀವಮಾನದಲ್ಲಿ ಮೊದಲ ಸಲ ಒಂದು ಸಲಹೆ ಕೊಟ್ಟರು. "ಅವನ ಕೊರಳಿಗೆ ಒಂದು ಗಂಟೆ ಕಟ್ಟಿದರಾಯ್ತು."

ಕಟ್ಟಿದೆವು. ದೊರೆಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಇಡೀ ದಿನ ನಿಂತಲ್ಲೇ ನಿಂತ, ಗಂಟೆ ಅಲ್ಲಾಡಬಾರದು ಎಂದು ತಲೆಯನ್ನೂ ತಿರುಗಿಸಲಿಲ್ಲ. ಊಟವನ್ನು ಅವನ ಬಾಯಿಯ ಬಳಿಗೇ ಒಯ್ಯಬೇಕಾಯಿತು. ಅತ್ತೆಗೂ ಅದು ಹಿಡಿಸಲಿಲ್ಲ. "ಅವನು ಕಿವಿ ಕೆರೆದುಕೊಂಡ್ರೂ ಗಂಟೆ, ನಡೆದ್ರೂ ಗಂಟೆ. ಅವನು ಮನೇಲಿದ್ದಾನೆ ಅಂತ ನನಗೆ ಗೊತ್ತಿಲ್ವಾ? ಎಲ್ಲಿಗೆ ಹೊರಟ ಅಂತ ಗೊತ್ತಾಗಬೇಕು," ಎಂದರು. ಗಂಟೆ ಬಿಚ್ಚಿದೆವು. ದೊರೆ ಮೈ ಕೊಡವಿ, ನಮ್ಮ ಯಜಮಾನರ ಕಡೆ ಒಂದು ನೋಟ ಬೀರಿ ಹೊರಟ.

ಮೆಲ್ಲಗೆ ಮೇಸ್ತ್ರಿ ವಿಷಯ ಕೇಳಿ ತಲೆ ಕೆರೆದುಕೊಂಡರು. "ಇಷ್ಟು ವರ್ಷದಲ್ಲಿ ಸದ್ದು ಮಾಡೋ ನೆಲ ಬೇಕು ಅಂತ ಕೇಳಿದವರು ನೀವೇ ಮೊದಲು. ಎಲ್ಲರಿಗೂ ಸದ್ದಿಲ್ಲದ್ದು ಬೇಕು," ಎಂದರು. ಆದರೆ ಅವರ ಕಣ್ಣಲ್ಲಿ ಉತ್ಸಾಹ ಬಂದಿತ್ತು. ಎರಡು ದಿನ ಬಿಟ್ಟು ಮೂರು ಬಗೆಯ ಟೈಲ್ಸ್ ತಂದರು. ಒಂದಕ್ಕೂ ಹೊಳಪಿಲ್ಲ. ಸ್ಯಾಂಪಲ್ಲುಗಳನ್ನು ಅಡುಗೆಮನೆಯಲ್ಲಿ ಮೂರು ದಾರಿಗಳ ಹಾಗೆ ಉದ್ದಕ್ಕೆ ಜೋಡಿಸಿದರು.

ಅತ್ತೆಯನ್ನು ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರಿಸಿದೆವು. ಕೈಯಲ್ಲಿ ಸೌಟು. ದೊರೆ ಎಲ್ಲಿದ್ದಾನೋ ಆ ಕಡೆ ಸೌಟು ತೋರಿಸಬೇಕು. ನಾನು ಬಿಸ್ಕತ್ತು ಹಿಡಿದು ಅವನನ್ನು ನಡೆಸುತ್ತಾ ಹೋದೆ.

ಮೊದಲನೆಯದು ಗೀರುಗೀರಾಗಿತ್ತು, ಸದ್ದು ಚೆನ್ನಾಗಿ ಬಂತು, ಆದರೆ ಒರೆಸುವ ಬಟ್ಟೆ ಅದಕ್ಕೆ ಸಿಕ್ಕಿ ಎಳೆ ಎಳೆಯಾಯಿತು. "ಇದನ್ನ ದಿನಾ ಒರೆಸೋಳು ನಾನು," ಎಂದು ತೆಗೆಸಿದೆ. ಎರಡನೆಯದರ ಮೇಲೆ ದೊರೆ ಹೋದದ್ದು ಬಲಕ್ಕೆ, ಸೌಟು ಹೋದದ್ದು ಎಡಕ್ಕೆ. ಮೂರನೆಯದು ಅಂಗೈಯಷ್ಟೇ ಅಗಲದ ಸಣ್ಣ ಸಣ್ಣ ಬಿಲ್ಲೆಗಳು, ಒಣಹುಲ್ಲಿನ ಬಣ್ಣ, ಮೈ ಸ್ವಲ್ಪ ತರಿ. "ಬಿಲ್ಲೆ ಸಣ್ಣದಾದಷ್ಟೂ ಸಂದು ಜಾಸ್ತಿ. ಸಂದಿನಲ್ಲಿ ಕಾಲಿಗೆ ಹಿಡಿತ ಸಿಗುತ್ತೆ. ಗಟ್ಟಿಯಾಗಿ ಸುಟ್ಟದ್ದು, ಸದ್ದೂ ಕೊಡುತ್ತೆ," ಎಂದರು ಮೇಸ್ತ್ರಿ. ಒಂದು ಚೊಂಬು ನೀರು ಸುರಿದರು. ಒದ್ದೆಯ ಮೇಲೇ ದೊರೆಯನ್ನು ನಡೆಸಿದೆ. ಅವನು ಗೋಡೆಯನ್ನು ಹುಡುಕಲಿಲ್ಲ. ಡಾಕ್ಟರಮ್ಮ ಕತ್ತರಿಸಿದ ಮೇಲೂ ಉಳಿದಿದ್ದ ಉಗುರು ಟಿಕ್ ಟಿಕ್ ಟಿಕ್ ಎಂದಿತು. ಅತ್ತೆಯ ಸೌಟು ಅವನ ಜೊತೆಯಲ್ಲೇ ತಿರುಗಿತು. ಬಾಗಿಲು, ಕಪಾಟು, ಸಿಂಕು, ಮತ್ತೆ ಬಾಗಿಲು.

ಪರೀಕ್ಷೆ ಮಾಡೋಣವೆಂದು ನಮ್ಮ ಯಜಮಾನರು ತುದಿಗಾಲಲ್ಲಿ ಹಿಂದಿನಿಂದ ನಡೆದರು. ಸೌಟು ನೆಟ್ಟಗೆ ಅವರ ಹೊಟ್ಟೆಯ ಕಡೆ ತಿರುಗಿತು.

"ಇವನಿಗೆ ಎರಡೇ ಕಾಲು," ಎಂದರು ಅತ್ತೆ. "ಮಂಡಿ ಬೇರೆ ಲಟಕ್ ಅನ್ನುತ್ತೆ. ಅವನ ಜೊತೆ ಇವನನ್ನೂ ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಹೋಗಿ."

ಮೇಸ್ತ್ರಿ ಎಷ್ಟು ನಕ್ಕರೆಂದರೆ ಕೂತು ನೀರು ಕುಡಿಯಬೇಕಾಯಿತು. ತಿಳಿ ಬಣ್ಣದ ನೆಲದ ಮೇಲೆ ಕಂದು ನಾಯಿ ಮಲಗಿದ್ದರೆ, ಅತ್ತೆ ತಲೆ ಬಗ್ಗಿಸಿ ನೋಡಿದಾಗ ಎದ್ದು ಕಾಣುತ್ತಿತ್ತು, ಅದೂ ಒಂದು ಲಾಭ. ಬಾಗಿಲ ಮೆಟ್ಟಿಲಿನ ಉದ್ದಕ್ಕೂ ಕಪ್ಪು ಬಿಲ್ಲೆಗಳ ಒಂದು ಸಾಲು ಹಾಕಬೇಕೆಂದು ನಾನು ಹೇಳಿದೆ, ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂದು ಅತ್ತೆಗೆ ತಿಳಿಯಲಿ ಅಂತ. ಅಷ್ಟು ಸಂದುಗಳನ್ನು ಯಾರು ಉಜ್ಜಬೇಕು ಎಂದು ಗೊಣಗಿದೆ. "ನಾನು ಉಜ್ಜುತ್ತೀನಿ," ಎಂದರು ಯಜಮಾನರು. ಇದುವರೆಗೆ ಎರಡು ಸಲ ಉಜ್ಜಿದ್ದಾರೆ, ಅದನ್ನು ಇಪ್ಪತ್ತು ಸಲ ಹೇಳಿದ್ದಾರೆ.

ನನ್ನ ಬಿಳಿ ಟೈಲ್ಸನ್ನು ಒಡೆದು ತೆಗೆಯುವಾಗ ಒಂದು ಚೂರನ್ನು ಎತ್ತಿ ಮುಖ ನೋಡಿಕೊಂಡೆ, ಸುಳ್ಳು ಹೇಳುವುದಿಲ್ಲ. ಆರು ದಿನ ಅಂಗಳದಲ್ಲಿ ಅಡುಗೆ ಮಾಡಿದೆವು. ಏಳನೆಯ ದಿನ ಬೆಳಿಗ್ಗೆ ಮೇಸ್ತ್ರಿ "ಇನ್ನು ನಡೀಬಹುದು, ಮೆಲ್ಲಗೆ," ಎಂದರು. ಅತ್ತೆ ಕಣ್ಣಿಗೆ ಹನಿ ಹಾಕಿಸಿಕೊಂಡು, ಕಪ್ಪು ಸಾಲನ್ನು ಒಂದು ಸಲ ನೋಡಿ ದಾಟಿ, ಒಲೆ ಹಚ್ಚಿದರು. ದೊರೆ ಬಾಗಿಲಲ್ಲಿ ನಿಂತ. ಮೂಸಿದ. ಹಿಂದೆ ಸರಿದ. ಮೂರು ವರ್ಷದ ಹೆದರಿಕೆ ಒಂದು ದಿನದಲ್ಲಿ ಹೋಗುವುದಿಲ್ಲ. ನಾನು ಕರೆಯಲು ಬಾಯಿ ತೆರೆದೆ, ಅತ್ತೆ ಬೆನ್ನು ತಿರುಗಿಸಿಕೊಂಡೇ ಕೈ ಎತ್ತಿ ತಡೆದರು. ಅವರು ಕಾಯುತ್ತಿದ್ದರು, ಕಿವಿಯೆಲ್ಲ ಬಾಗಿಲ ಕಡೆ. ನಾವೂ ಉಸಿರು ಹಿಡಿದು ಕಾದೆವು.

ಟಿಕ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಟಿಕ್. ಆಮೇಲೆ ಎಣಿಸಲಾಗದ ಹಾಗೆ.

"ಬಾ ದೊರೆ," ಎಂದರು ಅತ್ತೆ, ಒಲೆಯ ಕಡೆಯೇ ನೋಡುತ್ತಾ.

ಇದಾಗಿ ನಾಲ್ಕು ತಿಂಗಳಾಯಿತು. ದೊರೆ ಬಿದ್ದಿಲ್ಲ. ಅತ್ತೆ ವಾರಕ್ಕೆ ಮೂರು ದಿನ ಅಂಗಡಿಗೆ ಬರುತ್ತಾರೆ, ರಸ್ತೆ ದಾಟುವಾಗ ನನ್ನ ತೋಳು ಹಿಡಿಯುತ್ತಾರೆ. ಇಸ್ತ್ರಿಪೆಟ್ಟಿಗೆಯನ್ನು ಅವರ ಎದುರಿಗೇ ಇಟ್ಟಿದ್ದೇನೆ. ಬರಿಗಾಲಿನಲ್ಲಿ ಬೆಕ್ಕಿನ ಹಾಗೆ ಓಡಾಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ಈಗ ಅಡುಗೆಮನೆಗೆಂದೇ ಗಟ್ಟಿ ಅಟ್ಟೆಯ ಚಪ್ಪಲಿ ಇಟ್ಟುಕೊಂಡಿದ್ದೇನೆ, ಕಪ್ಪು ಸಾಲಿನ ಹತ್ತಿರ ಹಾಕಿಕೊಂಡೇ ಒಳಗೆ ಹೋಗುತ್ತೇನೆ. ಅತ್ತೆ ಬೆಚ್ಚಿಬೀಳುವುದನ್ನು ಇನ್ನೊಂದು ಸಲ ನೋಡುವ ಆಸೆ ನನಗಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಗೆ ತಡವಾಗಿತ್ತು. ಡಬ್ಬಿ ತೆಗೆದುಕೊಳ್ಳಲು ಟಕಟಕ ಎಂದು ಅಡುಗೆಮನೆಗೆ ನುಗ್ಗಿದೆ. ಅತ್ತೆ ಒಲೆಯ ಮುಂದೆ ನಿಂತು ಮೊಟ್ಟೆ ಬೇಯಿಸುತ್ತಿದ್ದರು. ತಿರುಗಲಿಲ್ಲ.

"ಮೆಲ್ಲಗೆ ಬಾ. ನಿನ್ನ ಬಲಗಾಲ ಹತ್ತಿರ ಮಲಗಿದ್ದಾನೆ, ತುಳಿದುಬಿಟ್ಟೀಯ," ಎಂದರು.

ಕೆಳಗೆ ನೋಡಿದೆ. ದೊರೆಯ ಬಾಲ ನನ್ನ ಚಪ್ಪಲಿಯಿಂದ ಎರಡು ಬೆರಳು ದೂರದಲ್ಲಿತ್ತು. ಎರಡು ಕಣ್ಣೂ ನೆಟ್ಟಗಿರುವ ನಾನು ಅವನನ್ನು ನೋಡಿರಲಿಲ್ಲ. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು, ಎಡಗಡೆಯಿಂದ ಸುತ್ತಿಕೊಂಡು ಹೋದೆ.